ಮಳೆಗಾಲದ ಗರಡಿ

ಮಂಗಳೂರಿನ ಮಳೆಗಾಲವೆಂದರೆ ಸೈಕಲ್ ಸವಾರನಿಗೆ ವನವಾಸ. ಜೂನ್ ತಿಂಗಳಲ್ಲಿ ಮಳೆ ಹಿಡಿಯಿತೆಂದರೆ ಸೆಪ್ಟೆಂಬರ್ ಕಳೆಯುವವರೆಗೆ ಅದು ಬಿಡುವು ಕೊಡುವುದು ಅಪರೂಪ. ನೀರು ತುಂಬಿದ ಹೊಂಡಗಳು ಕಣ್ಣಿಗೆ ಬೀಳುವುದಿಲ್ಲ. ಬ್ರೇಕು ಹಿಡಿದರೂ ಚಕ್ರ ಜಾರುತ್ತದೆ. ಆದುದರಿಂದ ಆ ನಾಲ್ಕು ತಿಂಗಳು ನನ್ನ ಸೈಕಲ್ಲು ಜಗಲಿಯ ಮೂಲೆಯಲ್ಲಿ ಗೋಣಿ ಹೊದ್ದು ನಿಂತಿರುತ್ತಿತ್ತು. ಅದರ ಒಡೆಯನು ಹಲಸಿನ ಹಪ್ಪಳ ಮೆಲ್ಲುತ್ತ ಒಳಗೆ ಕುಳಿತಿರುತ್ತಿದ್ದನು.

ದೂರದ ಸವಾರಿಗೆ ಲೋಕದಲ್ಲಿ ಒಂದು ಕಟ್ಟಳೆಯುಂಟು. ಫ್ರಾನ್ಸಿನಿಂದ ಬಂದ ಈ ಪದ್ಧತಿಗೆ 'ಬ್ರೆವೆ' ಎಂದು ಹೆಸರು. 200 ಕಿಲೋಮೀಟರ್ ದೂರವನ್ನು ಹದಿಮೂರೂವರೆ ಗಂಟೆಗಳಲ್ಲಿ ಕ್ರಮಿಸಬೇಕು. 600 ಕಿಲೋಮೀಟರಿಗೆ 40 ಗಂಟೆ. ಅಲ್ಲಿ ಮೊದಲಿಗನಿಗೆ ಬಹುಮಾನವಿಲ್ಲ. ಅವಧಿಯೊಳಗೆ ಮುಗಿಸಿದವರೆಲ್ಲರೂ ಸಮಾನರು. ನಾನೂ 2022ರ ಡಿಸೆಂಬರಿನಲ್ಲಿ ಆ ಅವಧಿಯನ್ನೇ ಗುರಿಯಾಗಿಟ್ಟುಕೊಂಡು, ಚಾರ್ಮಾಡಿ ಘಾಟಿಯನ್ನೇರಿ ಕೊಟ್ಟಿಗೆಹಾರಕ್ಕೆ ಹೋಗಿ ಬರುವೆನೆಂದು ನಸುಕಿನಲ್ಲಿ ಹೊರಟೆನು. ಹೋಗಿ ಬರುವ ದಾರಿ ಸುಮಾರು 200 ಕಿಲೋಮೀಟರ್.

ಘಾಟಿಯನ್ನೇನೋ ಏರಿದೆನು. ಹಿಂದಿರುಗುವಾಗ ಉಜಿರೆಯ ಬಳಿ ಸೊಂಟ ಸೆಟೆದುಕೊಂಡಿತು, ತೊಡೆಗಳು ಮರಗಟ್ಟಿದವು. ರಸ್ತೆಯ ಬದಿಯಲ್ಲಿ ಕುಳಿತಿದ್ದ ನನ್ನನ್ನು ಕಂಡು, ಘಟ್ಟದ ಮೇಲೆ ಮೀನು ಇಳಿಸಿ ಮರಳುತ್ತಿದ್ದ ಟೆಂಪೋ ಚಾಲಕನೊಬ್ಬನು ಗಾಡಿ ನಿಲ್ಲಿಸಿದನು.

"ಸೈಕಲ್ಲಿಗೆ ಏನಾಯಿತು?" ಎಂದು ಕೇಳಿದನು.

"ಸೈಕಲ್ಲಿಗೆ ಏನೂ ಆಗಿಲ್ಲ" ಎಂದೆನು. ಅವನು ನಕ್ಕು ಅದನ್ನು ಮೇಲಕ್ಕೆತ್ತಿಕೊಂಡನು. ಖಾಲಿ ಮೀನುಪೆಟ್ಟಿಗೆಗಳ ನಡುವೆ ಕುಳಿತು ಊರು ಸೇರಿದೆನು.

ಮರು ಜೂನಿನಲ್ಲಿ ನಮ್ಮ ಬೀದಿಯ ವ್ಯಾಯಾಮಶಾಲೆಯ ಮೆಟ್ಟಿಲೇರಿದೆನು. ಅಲ್ಲಿಯ ಮಾಸ್ಟ್ರು ವಯಸ್ಸಾದವರು. ನನ್ನ ಕಥೆಯನ್ನೆಲ್ಲ ಕೇಳಿ, "ಹತ್ತು ಬಸ್ಕಿ ಹೊಡೆಯಿರಿ, ನೋಡೋಣ" ಎಂದರು. ಏಳನೆಯದಕ್ಕೇ ನನ್ನ ಹಿಮ್ಮಡಿ ನೆಲ ಬಿಟ್ಟಿತು, ಬೆನ್ನು ಬಾಗಿತು.

"ತುಳಿಯುವುದು ಕಾಲು, ಸರಿ. ಆದರೆ ಆ ಕಾಲಿಗೆ ಆಧಾರ ಸೊಂಟ, ಬೆನ್ನು. ಅಡಿಪಾಯವೇ ಅಲುಗಾಡಿದರೆ ಗೋಡೆ ಗಟ್ಟಿಯಾಗಿದ್ದು ಏನು ಪ್ರಯೋಜನ?" ಎಂದರು.

ವಾರಕ್ಕೆ ಮೂರು ದಿನದ ಪಾಠ. ನನ್ನ ಹೆಗಲಿಗೆ ಬಂದದ್ದು 20 ಕಿಲೋಗ್ರಾಮಿನ ಬರಿಯ ಕಬ್ಬಿಣದ ಸರಳು. ಪಕ್ಕದಲ್ಲಿ ಕಾಲೇಜು ಹುಡುಗರು ಅದರ ನಾಲ್ಕೈದು ಪಟ್ಟು ಭಾರವನ್ನು ಎತ್ತುತ್ತಿದ್ದರು. ಮೂರನೆಯ ವಾರ, ಮಾಸ್ಟ್ರು ಇಲ್ಲದ ಹೊತ್ತು ನೋಡಿ, ನಾನೂ ಸರಳಿಗೆ ದೊಡ್ಡ ತೂಕಗಳನ್ನು ಸಿಕ್ಕಿಸಿ ಎತ್ತಿದೆನು. ಬೆನ್ನು ಹಿಡಿದು ವಾರವಿಡೀ ಮಲಗಿದೆನು. ಮರಳಿ ಹೋದಾಗ ಅವರು ಬೈಯಲಿಲ್ಲ. ಬರಿಯ ಸರಳನ್ನು ತೋರಿಸಿ, "ಮೊದಲಿನಿಂದ" ಎಂದರು, ಅಷ್ಟೆ.

ಅವರಿಂದ ತಿಳಿದುದು ಬಹಳ. ಸೈಕಲ್ಲಿನ ಮೇಲೆ ಮೈಭಾರದ ಹೆಚ್ಚು ಪಾಲನ್ನು ಆಸನವೇ ಹೊರುವುದರಿಂದ ಎಲುಬುಗಳಿಗೆ ಸಾಕಷ್ಟು ಕೆಲಸವಿಲ್ಲ. ಭಾರ ಹೊತ್ತಾಗ ಅವು ಗಟ್ಟಿಯಾಗುತ್ತವೆ. ಸ್ನಾಯು ಬಲಿಯುವುದು ಭಾರ ಎತ್ತುವ ಗಳಿಗೆಯಲ್ಲಲ್ಲ, ಆಮೇಲಿನ ವಿಶ್ರಾಂತಿಯಲ್ಲಿ. ಆದುದರಿಂದ ಬಿಡುವಿನ ದಿನವೂ ಅಭ್ಯಾಸದ ಅಂಗವೇ.

ಅಂತಹದೊಂದು ಬಿಡುವಿನ ದಿನ ಬಂದರಿನ ದಕ್ಕೆಯ ಕಡೆಗೆ ನಡೆದೆನು. ಜೂನ್ 1ರಿಂದ ಜುಲೈ 31ರವರೆಗೆ, 61 ದಿನ, ಯಾಂತ್ರಿಕ ದೋಣಿಗಳು ಕಡಲಿಗೆ ಇಳಿಯುವಂತಿಲ್ಲ. ದೋಣಿಗಳು ಸಾಲಾಗಿ ನಿಂತಿದ್ದವು. ಮಾಡಿನ ಕೆಳಗೆ ಕುಳಿತ ಬೆಸ್ತರು ಹರಿದ ಬಲೆಯ ಒಂದೊಂದೇ ಕಣ್ಣನ್ನು ಹೆಣೆಯುತ್ತಿದ್ದರು. ನಮ್ಮ ನಾಡಿನ ಯಕ್ಷಗಾನ ಮೇಳಗಳೂ ಮೇ ತಿಂಗಳ ಪತ್ತನಾಜೆಯಂದು ಗೆಜ್ಜೆ ಬಿಚ್ಚುತ್ತವೆ. ಮತ್ತೆ ಕಟ್ಟುವುದು ಮಳೆ ಮುಗಿದ ಮೇಲೆ. ಮಳೆಗಾಲವನ್ನು ನಾನು ಮಾತ್ರ ಹಪ್ಪಳದಲ್ಲಿ ಕಳೆದಿದ್ದೆನಲ್ಲ! ಹರಕು ಬಲೆಯನ್ನು ಕಡಲಿಗೆ ಬೀಸಿ, ಮೀನಿಲ್ಲವೆಂದು ಅತ್ತವನಂತೆ ಕಂಡಿತು ನನ್ನ ಹಿಂದಿನ ವರ್ಷದ ಸಾಹಸ.

ಸೆಪ್ಟೆಂಬರಿನ ಹೊತ್ತಿಗೆ 60 ಕಿಲೋಗ್ರಾಂ ಹೊತ್ತು ನೆಟ್ಟಗೆ ಬಸ್ಕಿ ಹೊಡೆಯುವಷ್ಟಾದೆನು. ಮಳೆ ನಿಂತ ಮೇಲೆ ಸೈಕಲ್ಲಿನ ಅಭ್ಯಾಸವನ್ನು ಸ್ವಲ್ಪಸ್ವಲ್ಪವೇ ಹೆಚ್ಚಿಸಿಕೊಂಡು, 2023ರ ಡಿಸೆಂಬರಿನಲ್ಲಿ ಮತ್ತೆ ಅದೇ ದಾರಿ ಹಿಡಿದೆನು. ಉಜಿರೆ ದಾಟುವಾಗ ಕಾಲು ನೋಯುತ್ತಿತ್ತು. ಆದರೆ ಬೆನ್ನು ಸೋಲಲಿಲ್ಲ. ಹದಿಮೂರೂವರೆ ಗಂಟೆ ತುಂಬಲು ಇನ್ನು ಇಪ್ಪತ್ತೇ ನಿಮಿಷ ಉಳಿದಿರುವಾಗ, ಕತ್ತಲಲ್ಲಿ ಮನೆಯ ಗೇಟು ತಲುಪಿದೆನು. ಚಪ್ಪಾಳೆ ತಟ್ಟಲು ಅಲ್ಲಿ ಯಾರೂ ಇರಲಿಲ್ಲ. ಅದರ ಅಗತ್ಯವೂ ತೋರಲಿಲ್ಲ.

ಇಂದಿಗೂ ಮಳೆಗಾಲದಲ್ಲಿ ನನ್ನ ಸೈಕಲ್ಲು ಗೋಣಿ ಹೊದ್ದು ಜಗಲಿಯ ಮೂಲೆಯಲ್ಲೇ ನಿಲ್ಲುತ್ತದೆ. ಅದರ ಒಡೆಯನು ಮಾತ್ರ ಸಂಜೆಯ ಹೊತ್ತು ಮನೆಯಲ್ಲಿ ಸಿಕ್ಕುವುದಿಲ್ಲ.