ಅಂಗುಲದೆತ್ತರದ ಸೈನ್ಯ

ಇಂಗ್ಲೆಂಡಿನ ನಾಟಿಂಗ್‌ಹ್ಯಾಮ್ ನಗರದಲ್ಲಿ ಚಳಿಗಾಲದ ಸಂಜೆ ನಾಲ್ಕು ಗಂಟೆಗೇ ಕತ್ತಲಾಗುತ್ತದೆ. ದಿನದ ದುಡಿಮೆಯನ್ನು ಮುಗಿಸಿ ಮನೆಗೆ ಬಂದ ಗೃಹಸ್ಥನೊಬ್ಬನು ಊಟದ ಮೇಜಿನ ಮೂಲೆಯಲ್ಲಿ ದೀಪವನ್ನು ಬಗ್ಗಿಸಿಕೊಂಡು ಕುಳಿತಿದ್ದಾನೆ. ಅವನ ಎಡಗೈಯಲ್ಲಿ ಒಂದು ಬಿರಡೆ. ಬಿರಡೆಯ ತಲೆಯ ಮೇಲೆ ಅಂಟಿಸಿ ನಿಲ್ಲಿಸಿದ ಒಬ್ಬ ಸೈನಿಕನ ಬೊಂಬೆ. ಬೊಂಬೆಯ ಎತ್ತರ 28 ಮಿಲಿಮೀಟರು, ಎಂದರೆ ಒಂದು ಅಂಗುಲಕ್ಕಿಂತ ತುಸು ಹೆಚ್ಚು. ಬಲಗೈಯಲ್ಲಿರುವ ಕುಂಚದ ತುದಿಯಲ್ಲಿ ಸಾಸಿವೆಯ ಕಾಲುಭಾಗದಷ್ಟು ಕಪ್ಪು ಬಣ್ಣ. ಉಸಿರನ್ನು ಬಿಗಿಹಿಡಿದು, ಎರಡು ಮಣಿಕಟ್ಟುಗಳನ್ನೂ ಒಂದಕ್ಕೊಂದು ಆನಿಸಿಕೊಂಡು, ಅವನು ಆ ಸೈನಿಕನಿಗೆ ಕಣ್ಣು ಬರೆಯುತ್ತಾನೆ. ಬಲಗಣ್ಣು ಸರಿಯಾಯಿತು. ಎಡಗಣ್ಣಿನ ಪಾಪೆ ಕೂದಲೆಳೆಯಷ್ಟು ಅತ್ತ ಸರಿಯಿತು. ಶತ್ರುವನ್ನು ದುರುಗುಟ್ಟಿ ನೋಡಬೇಕಾದ ವೀರನು ಮೆಳ್ಳಗಣ್ಣಿನವನಾದನು. ಮುಖವನ್ನೆಲ್ಲ ಅಳಿಸಿ ಮತ್ತೆ ಮೊದಲಿನಿಂದ ಆರಂಭಿಸಬೇಕು. ಇಂತಹ ಐವತ್ತು ಮಂದಿ ಇನ್ನೂ ಪೆಟ್ಟಿಗೆಯಲ್ಲಿ ಸರದಿ ಕಾಯುತ್ತಿದ್ದಾರೆ.

ಇವನು ಮಕ್ಕಳಿಗಾಗಿ ಬೊಂಬೆ ಮಾಡುತ್ತಿರುವನೆಂದು ಯಾರಾದರೂ ಭಾವಿಸಿದರೆ ಅದು ತಪ್ಪು. ಇದು ಅವನ ಸ್ವಂತದ ಆಟ. ಮೇಜಿನ ಮೇಲೆ ಬೆಟ್ಟ, ಕಾಡು, ಪಾಳುಕೋಟೆಗಳ ಮಾದರಿಗಳನ್ನು ಹರಡಿ, ಇಬ್ಬರು ಎದುರುಬದುರಾಗಿ ತಮ್ಮ ತಮ್ಮ ಸೈನ್ಯಗಳನ್ನು ಹೂಡಿ, ಅಳತೆಪಟ್ಟಿಯಿಂದ ನಡೆಯನ್ನು ಅಳೆದು, ದಾಳಗಳನ್ನು ಉರುಳಿಸಿ ಸೋಲುಗೆಲವುಗಳನ್ನು ನಿರ್ಣಯಿಸುವ ಸಮರಕ್ರೀಡೆ. ಇಲ್ಲಿ ಕಾದುವವರು ಯಾವ ದೇಶದ ಚರಿತ್ರೆಗೂ ಸೇರಿದವರಲ್ಲ. ಮೊಣಕಾಲಿನವರೆಗೆ ಗಡ್ಡ ಬಿಟ್ಟ ಕುಬ್ಜರು, ಚೂಪುಗಿವಿಯ ವನವಾಸಿಗಳು, ಹಸಿರು ಮೈಯ ರಕ್ಕಸರು, ಎದ್ದು ನಡೆಯುವ ಅಸ್ಥಿಪಂಜರಗಳು, ಬೆಂಕಿಯುಗುಳುವ ಡ್ರ್ಯಾಗನ್ನುಗಳು. ಅಂಗಡಿಯಿಂದ ಬರುವಾಗ ಇವೆಲ್ಲ ಬಣ್ಣವಿಲ್ಲದೆ, ಹೆಚ್ಚಾಗಿ ಕೈಕಾಲುಗಳು ಬೇರೆಬೇರೆಯಾಗಿ ಬರುತ್ತವೆ. ಜೋಡಿಸಿ ಬಣ್ಣ ಹಚ್ಚುವುದು ಕೊಂಡವನ ಪಾಲಿನ ಕೆಲಸ. ಆಟವು ಮೂರು ಗಂಟೆಗಳಲ್ಲಿ ಮುಗಿದರೆ ಬಣ್ಣದ ಕೆಲಸ ತಿಂಗಳುಗಟ್ಟಲೆ ಹಿಡಿಯುತ್ತದೆ. ಆಟಕ್ಕೆ ನೆರವಾಗಲು ಬಂದ ಕುಂಚವು ಆಟವನ್ನೇ ನುಂಗಿತು ಎಂದು ನಗುವವರೂ ಉಂಟು.

ಯುದ್ಧವನ್ನು ಹಲಗೆಯ ಮೇಲೆ ಆಡುವ ಈ ವಂಶವೃಕ್ಷದ ಬೇರು ಭಾರತದಲ್ಲಿದೆ. ರಥ, ಗಜ, ತುರಗ, ಪದಾತಿಗಳೆಂಬ ನಾಲ್ಕು ಅಂಗಗಳ ಚತುರಂಗವು ಪಾರಸಿಕರ ಮತ್ತು ಅರಬರ ಕೈದಾಟಿ ಯುರೋಪನ್ನು ಸೇರಿತು. ಅಲ್ಲಿ 1780ರಲ್ಲಿ, ಜರ್ಮನಿಯ ಬ್ರೌನ್‌ಷ್ವೈಗಿನ ಹೆಲ್‌ವಿಗ್ ಎಂಬಾತನು ಅದಕ್ಕೆ ನೆಲದ ಗುಣವನ್ನು ಸೇರಿಸಿದನು. ಅವನ ಹಲಗೆಯಲ್ಲಿ 64 ಮನೆಗಳಿಗೆ ಬದಲಾಗಿ ಸಾವಿರದ ಆರುನೂರಕ್ಕೂ ಹೆಚ್ಚು ಮನೆಗಳಿದ್ದುವು. ಬೆಟ್ಟಕ್ಕೊಂದು, ಜೌಗಿಗೊಂದು, ನೀರಿಗೊಂದು ಬಣ್ಣ. ಮುಂದೆ ಪ್ರಷ್ಯದ ರೈಸ್‌ವಿಟ್ಸ್ ಎಂಬವನು ಮನೆಗಳನ್ನೇ ತೆಗೆದುಹಾಕಿದನು. ಅವನ ಮೊದಲ ಆಟ ನಡೆದುದು ಹಸಿಮರಳಿನಲ್ಲಿ. ದೊರೆಗೆ ಮರಳನ್ನು ತೋರಿಸಲು ಸಂಕೋಚಪಟ್ಟು, 1812ರಲ್ಲಿ ಒಂದು ಭಾರಿ ಮೇಜನ್ನು ಮಾಡಿಸಿದನು. ಗಾರೆಯಿಂದ ಎರಕಹೊಯ್ದು ಬಣ್ಣ ಬಳಿದ ಚಿಕ್ಕ ಚಿಕ್ಕ ಬಿಲ್ಲೆಗಳು. ಅವುಗಳನ್ನು ಬೇಕಾದಂತೆ ಜೋಡಿಸಿದರೆ ಬೇಕಾದ ಸೀಮೆ ಸಿದ್ಧ. ಇಂದಿನ ಆಟಗಾರನು ತನ್ನ ಬೆಟ್ಟಗಳನ್ನು ಸರಿಸಿಡುವಾಗ ಆ ಮೇಜನ್ನೇ ಮತ್ತೆ ಕಟ್ಟುತ್ತಾನೆ, ತಿಳಿಯದೆ.

ಆದರೆ ರೈಸ್‌ವಿಟ್ಸನ ಮಗನು ಸೈನ್ಯಾಧಿಕಾರಿ. ಅವನಿಗೆ ಚೆಲುವಿಗಿಂತ ಉಪಯೋಗ ಮುಖ್ಯವಾಯಿತು. 1824ರಲ್ಲಿ ಅವನು ಪ್ರಕಟಿಸಿದ ನಿಯಮಗಳ ಪ್ರಕಾರ ಆಟವನ್ನು ಭೂಪಟದ ಮೇಲೆ ಆಡಬೇಕು. ಸೈನ್ಯದ ಸ್ಥಾನದಲ್ಲಿ ಕೆಂಪು ಮತ್ತು ನೀಲಿ ಬಣ್ಣದ ಪುಟ್ಟ ತುಂಡುಗಳು. ಒಂದು ತುಂಡೆಂದರೆ ನೂರಾರು ಜನ. ದಾಳ ಬಿದ್ದಂತೆ ಅಷ್ಟು ಮಂದಿ ಸತ್ತರೆಂದು ಲೆಕ್ಕ ಬರೆದುಕೊಳ್ಳುವುದು. ಪ್ರಷ್ಯದ ಸೈನ್ಯವು ಇದನ್ನು ಮೆಚ್ಚಿ ತನ್ನ ಅಧಿಕಾರಿಗಳ ಶಿಕ್ಷಣಕ್ಕೆ ಬಳಸಿತು. 1871ರಲ್ಲಿ ಫ್ರಾನ್ಸು ಸೋತ ಮೇಲೆ ಇತರ ದೇಶಗಳೂ ಅನುಸರಿಸಿದುವು. ಆ ತುಂಡುಗಳಿಗೆ ಮುಖವಿರಲಿಲ್ಲ. ಮುಖವಿಲ್ಲದುದನ್ನು ಲೆಕ್ಕದಿಂದ ಕಳೆಯುವುದು ಸುಲಭವೆಂದು ಆ ಅಧಿಕಾರಿಗಳಿಗೆ ತೋರಿತೋ ಇಲ್ಲವೋ, ಅಭ್ಯಾಸವಂತೂ ಆಯಿತು.

ಮುಖವುಳ್ಳ ಸೈನಿಕನು ಬಂದುದು ಮಕ್ಕಳ ಕೋಣೆಯಿಂದ. ನ್ಯೂರೆಂಬರ್ಗಿನ ಕುಶಲಿಗಳು ಬಹುಕಾಲದಿಂದ ತವರದಲ್ಲಿ ಚಪ್ಪಟೆ ಸೈನಿಕರನ್ನು ಎರಕಹೊಯ್ಯುತ್ತಿದ್ದರು. 1893ರಲ್ಲಿ ಲಂಡನ್ನಿನ ವಿಲಿಯಂ ಬ್ರಿಟನ್ ಸಂಸ್ಥೆಯು, ಅಚ್ಚಿಗೆ ಸುರಿದ ಲೋಹವು ಹೊರಗೆ ಗಟ್ಟಿಯಾಗಿ ಒಳಗಿನ್ನೂ ದ್ರವವಾಗಿರುವಾಗಲೇ ಅದನ್ನು ಹೊರಗೆ ಚೆಲ್ಲಿ, ಟೊಳ್ಳಾದ ಬೊಂಬೆಯನ್ನು ಮಾಡುವ ಉಪಾಯವನ್ನು ಕಂಡುಕೊಂಡಿತು. ಸೀಸ ಉಳಿಯಿತು, ಬೆಲೆ ಇಳಿಯಿತು, ಇಂಗ್ಲೆಂಡಿನ ಸಾಮಾನ್ಯರ ಮನೆಗಳಲ್ಲಿಯೂ ಪಡೆಗಳು ತುಂಬಿದುವು. ಈ ಬೊಂಬೆಗಳನ್ನೇ ನೆಲದ ಮೇಲೆ ಹರಡಿಕೊಂಡು, ವಿಶ್ವಕೋಶದ ಸಂಪುಟಗಳನ್ನು ಬೆಟ್ಟಗಳೆಂದೂ ತೋಟದ ರೆಂಬೆಗಳನ್ನು ಮರಗಳೆಂದೂ ಭಾವಿಸಿ ಆಡಿದವನು ಪ್ರಸಿದ್ಧ ಲೇಖಕ ಎಚ್. ಜಿ. ವೆಲ್ಸ್. ನಲವತ್ತರ ವಯಸ್ಸು ದಾಟಿದ ಆತನು 1913ರಲ್ಲಿ ‘ಲಿಟಲ್ ವಾರ್ಸ್’ ಎಂಬ ಹೆಸರಿನಲ್ಲಿ ಆ ಆಟದ ನಿಯಮಗಳನ್ನು ಪುಸ್ತಕವಾಗಿ ಬರೆದನು. ಯುದ್ಧೋತ್ಸಾಹಿಗಳಾದ ದೊರೆಗಳನ್ನೂ ದೇಶಾಭಿಮಾನದ ಬೊಬ್ಬೆಗಾರರನ್ನೂ ಒಂದು ದೊಡ್ಡ ಮಂದಿರದೊಳಗೆ ಬೊಂಬೆಗಳೊಡನೆ ಕೂಡಿಹಾಕಿಬಿಟ್ಟರೆ ಉಳಿದವರು ನೆಮ್ಮದಿಯಾಗಿ ಬಾಳಬಹುದೆಂಬುದು ಅದರ ಕೊನೆಯಲ್ಲಿ ಅವನು ಮಾಡಿದ ಸೂಚನೆ. ಮರುವರ್ಷವೇ ಮಹಾಯುದ್ಧ ಆರಂಭವಾಯಿತು. ಅದೇ ವೆಲ್ಸನು 1914ರಲ್ಲಿ, ಇದು ಯುದ್ಧವನ್ನೇ ಕೊನೆಗಾಣಿಸುವ ಯುದ್ಧವೆಂದು ನಂಬಿ ಇನ್ನೊಂದು ಪುಸ್ತಕವನ್ನು ಹೊರತಂದನು. ಮೊದಲನೆಯ ಪುಸ್ತಕದಲ್ಲಿ ಕಾಣುವ ವಿವೇಕ ಎರಡನೆಯದರಲ್ಲಿ ಕಾಣುವುದಿಲ್ಲ.

ಆ ಯುದ್ಧದಲ್ಲಿ, 1916ರ ಸೋಮ್ ನದಿಯ ಕಾಳಗದಲ್ಲಿ ಇದ್ದು ಬದುಕಿ ಬಂದವರಲ್ಲಿ ಟೋಲ್ಕಿನ್ ಎಂಬ ಯುವಕನೊಬ್ಬ. ಮುಂದೆ ಅವನು ರಚಿಸಿದ ‘ದಿ ಹಾಬಿಟ್’ ಮತ್ತು ‘ದಿ ಲಾರ್ಡ್ ಆಫ್ ದಿ ರಿಂಗ್ಸ್’ ಕೃತಿಗಳಿಂದ ಕುಬ್ಜರೂ ರಕ್ಕಸರೂ ಇಂಗ್ಲಿಷ್ ಓದುಗರ ಮನೆಮಾತಾದರು. ಅಮೆರಿಕದ ಗ್ಯಾರಿ ಗೈಗ್ಯಾಕ್ಸ್ ಮೊದಲಾದವರು ಮಧ್ಯಯುಗದ ಸಮರಕ್ರೀಡೆಯ ನಿಯಮಗಳಿಗೆ 1971ರಲ್ಲಿ ಮಾಂತ್ರಿಕರನ್ನೂ ಡ್ರ್ಯಾಗನ್ನುಗಳನ್ನೂ ಸೇರಿಸಿದರು. 1975ರಲ್ಲಿ ಲಂಡನ್ನಿನಲ್ಲಿ ಮೂವರು ಗೆಳೆಯರು ‘ಗೇಮ್ಸ್ ವರ್ಕ್‌ಷಾಪ್’ ಎಂಬ ಸಣ್ಣ ವ್ಯಾಪಾರವನ್ನು ತೆರೆದರು. 1983ರಲ್ಲಿ ಆ ಸಂಸ್ಥೆಯಿಂದ ‘ವಾರ್‌ಹ್ಯಾಮರ್’ ಎಂಬ ಆಟ ಹೊರಬಂದಿತು. ಸಂಸ್ಥೆಯ ಕೇಂದ್ರ ನಾಟಿಂಗ್‌ಹ್ಯಾಮಿಗೆ ಬಂದು ನೆಲಸಿತು; ಅದರ ಸುತ್ತ ಬೊಂಬೆಯ ಶಿಲ್ಪಿಗಳು, ಎರಕದವರು, ಚಿತ್ರಕಾರರು ಸೇರಿಕೊಂಡರು. ಆ ಪ್ರದೇಶಕ್ಕೆ ‘ಸೀಸದ ಪಟ್ಟಿ’ ಎಂಬ ಅಡ್ಡಹೆಸರೇ ಬಿದ್ದಿತು.

ಸೀಸದ ಮಾತು ಬಂದುದರಿಂದ ಒಂದು ವಿಷಯವನ್ನು ಇಲ್ಲಿಯೇ ಹೇಳಬೇಕು. ಆಗಿನ ಬೊಂಬೆಗಳು ತವರ, ಸೀಸ, ಆಂಟಿಮನಿಗಳ ಮಿಶ್ರಲೋಹದವು. ಕುಂಚದ ತುದಿಯನ್ನು ಚೂಪು ಮಾಡಲು ತುಟಿಗಳ ನಡುವೆ ಇಟ್ಟು ಎಳೆಯುವ ದುರಭ್ಯಾಸ ಚಿತ್ರಕಾರರಲ್ಲಿ ಉಂಟು. ಸೀಸವು ವಿಷ, ಮಕ್ಕಳಿಗಂತೂ ಘೋರವಿಷ. 1990ರ ದಶಕದಲ್ಲಿ ದೊಡ್ಡ ತಯಾರಕರು ಸೀಸವನ್ನು ಕೈಬಿಟ್ಟರು. ಈಗ ಹೆಚ್ಚಿನವು ಪ್ಲಾಸ್ಟಿಕ್ಕಿನವು. ತುಟಿಯ ಅಭ್ಯಾಸ ಮಾತ್ರ ಹಾಗೆಯೇ ಇದೆ.

ಇನ್ನು ಬಣ್ಣದ ಕೆಲಸ. ಮೊದಲು ಅಚ್ಚಿನ ಎರಡು ಭಾಗಗಳು ಕೂಡಿದ ಕಡೆ ಉಳಿದಿರುವ ಗೆರೆಯನ್ನು ಚಾಕುವಿನಿಂದ ಹೆರೆದು ತೆಗೆಯಬೇಕು. ಅನಂತರ ಬಣ್ಣವು ಕಚ್ಚಿಕೊಳ್ಳುವಂತೆ ಕಪ್ಪು, ಬೂದು ಅಥವಾ ಬಿಳಿಯ ತಳಲೇಪ. ಅದರ ಮೇಲೆ ಅಂಗಿಗೆ ಅಂಗಿಯ ಬಣ್ಣ, ಚರ್ಮಕ್ಕೆ ಚರ್ಮದ ಬಣ್ಣ. ಹೊಸಬನು ಇಲ್ಲಿಗೆ ಕೆಲಸ ಮುಗಿಯಿತೆಂದು ತಿಳಿಯುತ್ತಾನೆ. ದೂರವಿಟ್ಟು ನೋಡಿದರೆ ಬೊಂಬೆಯು ನಿರ್ಜೀವವಾಗಿ, ಬಣ್ಣದ ಒಂದು ಮುದ್ದೆಯಾಗಿ ಕಾಣುತ್ತದೆ. ಇದಕ್ಕೆ ಕಾರಣ ಬೆಳಕು. ಮನುಷ್ಯನನ್ನು ಅಂಗುಲಕ್ಕೆ ಕುಗ್ಗಿಸಬಹುದು, ಆದರೆ ಅವನ ಮೇಲೆ ಬೀಳುವ ಬೆಳಕನ್ನು ಕುಗ್ಗಿಸಲಾಗದು. ನಿಜವಾದ ನಿಲುವಂಗಿಯ ಮಡಿಕೆಯಲ್ಲಿ ದಟ್ಟ ನೆರಳು ಇರುತ್ತದೆ. ಬೊಂಬೆಯ ನಿಲುವಂಗಿಯ ಮಡಿಕೆಯ ಆಳ ಅರ್ಧ ಮಿಲಿಮೀಟರು. ಅಲ್ಲಿ ನೆರಳು ನಿಲ್ಲುವುದೆಲ್ಲಿ? ಆದುದರಿಂದ ಇಲ್ಲದ ನೆರಳನ್ನು ಚಿತ್ರಕಾರನೇ ಬರೆಯಬೇಕು, ಇಲ್ಲದ ಬಿಸಿಲನ್ನೂ ಅವನೇ ಬರೆಯಬೇಕು. ತೆಳ್ಳಗೆ ಕಲಸಿದ ಕಡುಬಣ್ಣವನ್ನು ಇಡೀ ಬೊಂಬೆಯ ಮೇಲೆ ಹರಿಯಬಿಟ್ಟರೆ ಅದು ತಾನಾಗಿಯೇ ತಗ್ಗುಗಳಿಗೆ ಇಳಿದು ನಿಲ್ಲುತ್ತದೆ. ಬಳಿಕ ಕುಂಚಕ್ಕೆ ತಿಳಿಬಣ್ಣವನ್ನು ಹಚ್ಚಿ, ಬಟ್ಟೆಗೆ ಒರಸಿ ಒರಸಿ ಬಹುಮಟ್ಟಿಗೆ ಒಣಗಿಸಿ, ಆ ಒಣಕುಂಚವನ್ನು ಮೇಲಿಂದ ಮೇಲೆ ಸವರಿದರೆ ಉಬ್ಬಿದ ಕಡೆಗಳಿಗೆ ಮಾತ್ರ ಬಣ್ಣ ಹತ್ತುತ್ತದೆ. ತೋಳದ ತುಪ್ಪುಳು, ಸರಪಣಿಯ ಕವಚ, ಮುದುಕನ ಗಡ್ಡ ಇವೆಲ್ಲ ಆ ಕ್ಷಣದಲ್ಲಿ ಎದ್ದು ಬರುವುದನ್ನು ಕಾಣುವುದೇ ಒಂದು ಸಂತೋಷ. ದೂರದ ಪ್ರೇಕ್ಷಕನಿಗಾಗಿ ಯಕ್ಷಗಾನದ ವೇಷಧಾರಿಯು ಹುಬ್ಬನ್ನು ಕಿವಿಯವರೆಗೆ ಎಳೆಯುವಂತೆ, ಇಲ್ಲಿಯೂ ಎಲ್ಲವೂ ಒಂದು ಕೈಯಳತೆಯ ದೂರದಿಂದ ನೋಡುವವನಿಗಾಗಿ.

ಚರಿತ್ರೆಯ ಸೈನಿಕರಿಗೆ ಬಣ್ಣ ಹಚ್ಚುವವನಿಗೆ ಸ್ವಾತಂತ್ರ್ಯ ಕಡಮೆ. ನೆಪೋಲಿಯನ್ನನ ಯಾವ ದಳದ ಅಂಗಿಗೆ ಎಂತಹ ಕೊರಳಪಟ್ಟಿ ಎಂಬುದನ್ನು ಪುಸ್ತಕ ನೋಡಿಯೇ ತಿಳಿಯಬೇಕು. ತಪ್ಪಿದರೆ ತಿದ್ದುವವರು ಸಿದ್ಧರಾಗಿರುತ್ತಾರೆ. ಡ್ರ್ಯಾಗನ್ನಿಗೆ ನೇರಿಳೆ ಬಣ್ಣ ಬಳಿದರೆ ತಪ್ಪೆನ್ನಲು ಕಂಡವರು ಯಾರು? ಆದರೂ ಈ ಸ್ವಾತಂತ್ರ್ಯ ಬಹುದೂರ ಹೋಗದು. ಡ್ರ್ಯಾಗನ್ನಿನ ಚರ್ಮ ನಂಬುವಂತಿರಬೇಕಾದರೆ ಓತಿಕೇತದ ಚರ್ಮವನ್ನು ನೋಡಬೇಕು. ರಕ್ಕಸನ ಕೊಡಲಿಗೆ ತುಕ್ಕು ಹಿಡಿಸಬೇಕಾದರೆ ಹಿತ್ತಿಲಿನ ತಗಡಿನ ಮೇಲೆ ತುಕ್ಕು ಎಲ್ಲಿ ಕೆಂಪಾಗಿ, ಎಲ್ಲಿ ಕಪ್ಪಾಗಿ ಹರಡುತ್ತದೆಂಬುದನ್ನು ಗಮನಿಸಬೇಕು. ಇಲ್ಲದ ಲೋಕವನ್ನು ಚಿತ್ರಿಸಲು ಹೊರಟವನು ಇರುವ ಲೋಕವನ್ನು ಮೊದಲಿಗಿಂತ ಹೆಚ್ಚು ನೋಡತೊಡಗುತ್ತಾನೆ.

ನೆಲವನ್ನು ನಿರ್ಮಿಸುವಾಗಲಂತೂ ಈ ನೋಟವೇ ಬಂಡವಾಳ. ಥರ್ಮೋಕೋಲಿನ ಜಾತಿಯದೇ ಆದ, ಅದಕ್ಕಿಂತ ಬಿಗಿಯಾದ ಹಲಗೆಯನ್ನು ಕಾದ ತಂತಿಯಿಂದ ಕೊಯ್ದರೆ ಬೆಟ್ಟ. ಒಣಗಿದ ತೊಗಟೆಯೇ ಬಂಡೆ. ಬಿಳಿಯ ಅಂಟನ್ನು ಬಳಿದು ಮರಳನ್ನು ಉದುರಿಸಿದರೆ ಮಣ್ಣು. ಕೆಲವು ತಂತಿಗಳನ್ನು ಹೆಣೆದು ತುದಿಗಳನ್ನು ಬಿಡಿಸಿದರೆ ಮರ. ಹಿಂದೆ ಬಣ್ಣ ಹಾಕಿದ ಮರದ ಹುಡಿಯೇ ಹುಲ್ಲಾಗಿತ್ತು. ಈಗ ನೈಲಾನಿನ ಸಣ್ಣ ಎಳೆಗಳಿಗೆ ವಿದ್ಯುದಂಶವನ್ನು ಕೊಟ್ಟು ಅಂಟಿನ ಮೇಲೆ ಉದುರಿಸುತ್ತಾರೆ. ಒಣಗೂದಲನ್ನು ಬಾಚಿದ ಬಾಚಣಿಗೆಯು ಕಾಗದದ ಚೂರುಗಳನ್ನು ಸೆಳೆಯುವುದನ್ನು ಕಾಣದ ವಿದ್ಯಾರ್ಥಿಯಿಲ್ಲ. ಅದೇ ಶಕ್ತಿಯಿಂದ ಎಳೆಗಳೆಲ್ಲ ನೆಟ್ಟಗೆ ಎದ್ದು ನಿಂತು, ಅಂಟು ಒಣಗಿದ ಮೇಲೆ ಮೊಳಕೆಯ ಪೈರಿನಂತೆ ಕಾಣುತ್ತವೆ.

ಆದರೆ ನಿಜವನ್ನು ಇದ್ದಂತೆ ಇಳಿಸಿದರೆ ಆಟ ನಡೆಯದು. ಅಂಗುಲದ ಮನುಷ್ಯನ ಪಕ್ಕದಲ್ಲಿ 60 ಅಡಿಯ ಮರವು ಒಂದಡಿಯೆತ್ತರ ನಿಲ್ಲಬೇಕು. ಅಂತಹ ಕಾಡಿನೊಳಗೆ ಆಟಗಾರನ ಕೈ ಆಡುವುದು ಕಷ್ಟ. ಆದುದರಿಂದ ಮರಗಳು ಗಿಡ್ಡವಾಗುತ್ತವೆ, ಕೆಲವೊಮ್ಮೆ ಕಿತ್ತು ಬದಿಗಿಡುವಂತೆಯೂ ಇರುತ್ತವೆ. ಬೆಟ್ಟದ ಇಳಿಜಾರು ಸಹಜವಾಗಿದ್ದರೆ ಬೊಂಬೆಗಳು ಜಾರಿ ಬೀಳುತ್ತವೆ. ಹಾಗಾಗಿ ಬೆಟ್ಟಕ್ಕೆ ಮೆಟ್ಟಿಲುಗಳು. ಕುಶಲನಾದವನು ಈ ಸುಳ್ಳುಗಳನ್ನು ಪೊದೆಯ ಮರೆಯಲ್ಲಿ, ಕುಸಿದ ಗೋಡೆಯ ಮರೆಯಲ್ಲಿ ಅಡಗಿಸುತ್ತಾನೆ.

ಈ ಹವ್ಯಾಸದಲ್ಲಿ ಎಲ್ಲವೂ ಹೊಗಳತಕ್ಕದ್ದೆಂದು ಹೇಳಲಾಗದು. ಅದು ದುಬಾರಿ. ಲಂಡನ್ನಿನ ಸಣ್ಣ ವ್ಯಾಪಾರವು 2024ರ ಡಿಸೆಂಬರಿನಲ್ಲಿ ಬ್ರಿಟನ್ನಿನ ಷೇರುಪೇಟೆಯ ಅಗ್ರ ನೂರು ಕಂಪೆನಿಗಳ ಪಟ್ಟಿಯನ್ನು ಸೇರಿತೆಂದರೆ ಆ ಹಣವೆಲ್ಲ ಎಲ್ಲಿಂದ ಬಂದಿತೆಂದು ಬೇರೆ ಹೇಳಬೇಕಾಗಿಲ್ಲ. ಕೊಳ್ಳುವ ಆಸೆಗೆ ಇರುವ ವೇಗ ಕುಂಚಕ್ಕಿಲ್ಲ. ಹಲವರ ಮನೆಯ ಕಪಾಟಿನಲ್ಲಿ ಬೂದುಬಣ್ಣದ ಸೈನ್ಯಗಳು ವರ್ಷಗಟ್ಟಲೆ ಧೂಳು ಕುಡಿಯುತ್ತವೆ. 2020ರಲ್ಲಿ ಬಂದ ಒಂದು ನಿಯಮಪುಸ್ತಕವು, ಸೈನ್ಯಕ್ಕೆಲ್ಲ ಬಣ್ಣ ಹಚ್ಚಿ ತಂದವನಿಗೆ ನೂರಕ್ಕೆ ಹತ್ತು ಅಂಕಗಳನ್ನು ಗೊತ್ತುಮಾಡಿತು. ಪ್ರೀತಿಯಿಂದ ಆಗಬೇಕಾದ ಕೆಲಸಕ್ಕೆ ಅಂಕದ ಆಮಿಷವೇಕೆಂದು ಕೆಲವರು ಮುನಿದರು. ಅವರ ಮುನಿಸಿನಲ್ಲಿ ನ್ಯಾಯವಿದೆ.

ನಾಟಿಂಗ್‌ಹ್ಯಾಮಿನ ಆ ಗೃಹಸ್ಥನಾದರೋ ಅಂಕದ ಚಿಂತೆಯಿಲ್ಲದೆ, ಕೆಲವು ವಾರಗಳಲ್ಲಿ ತನ್ನ ಐವತ್ತು ಮಂದಿಗೂ ಕಣ್ಣು ಬರೆದು ಮುಗಿಸಿದನು. ಭಾನುವಾರ ಗೆಳೆಯನ ಮನೆಯಲ್ಲಿ ಆಟ. ಹೊಸದಾಗಿ ಬಣ್ಣ ಕಂಡ ದಳವೇ ಮೊದಲು ಸಾಯುತ್ತದೆ ಎಂಬುದು ಈ ಆಟಗಾರರಲ್ಲಿ ಹಳೆಯ ನಗೆಮಾತು. ಅಂದು ಅದು ನಿಜವಾಯಿತು. ಎದುರಾಳಿಯ ದಾಳಗಳು ಉರುಳಿದುವು. ನಿಯಮದಂತೆ ಏಳು ಮಂದಿಯನ್ನು ಮೇಜಿನಿಂದ ತೆಗೆಯಬೇಕಾಯಿತು. ಯಾರನ್ನು ತೆಗೆಯಬೇಕೆಂಬುದನ್ನು ಅವನೇ ಆರಿಸಬೇಕು. ನಿಯಮದ ಕಣ್ಣಿಗೆ ಎಲ್ಲರೂ ಒಂದೇ. ಅವನ ಕೈ ಮಾತ್ರ ಒಬ್ಬನ ಮೇಲೆ ಹೋಗಿ, ಅಲ್ಲಿಂದ ಇನ್ನೊಬ್ಬನ ಮೇಲೆ ಹೋಗಿ, ಸ್ವಲ್ಪ ಹೊತ್ತು ತಡೆಯಿತು. ಮೂರು ಸಲ ಮುಖ ಅಳಿಸಿ ಬರೆದ ಆ ಸೈನಿಕನನ್ನು ಬಿಟ್ಟು ಅವನು ಪಕ್ಕದವನನ್ನು ಎತ್ತಿದನು. ಗೆಳೆಯನು ನಕ್ಕನು, ಏಕೆಂದು ಕೇಳಲಿಲ್ಲ; ಅವನ ಕಡೆಯಲ್ಲಿಯೂ ಅಂತಹವನೊಬ್ಬನಿದ್ದನು.

ರಾತ್ರಿ ಮನೆಗೆ ಬಂದು ಪೆಟ್ಟಿಗೆಯನ್ನು ತೆರೆದಾಗ, ಸತ್ತ ಏಳು ಮಂದಿಯೂ ಉಳಿದವರ ನಡುವೆ ಮಲಗಿದ್ದರು. ಒಬ್ಬನ ಕತ್ತಿಯ ತುದಿಯಲ್ಲಿ ಬಣ್ಣ ಕೆತ್ತಿಹೋಗಿತ್ತು. ಅವನನ್ನು ಮತ್ತೆ ಬಿರಡೆಯ ಮೇಲೆ ನಿಲ್ಲಿಸಿ, ಗೃಹಸ್ಥನು ದೀಪವನ್ನು ಹತ್ತಿರಕ್ಕೆ ಎಳೆದುಕೊಂಡನು.