ಬೆರಳಿಟ್ಟರೆ ಅರ್ಥ

ಓದುವಾಗ ಗೊತ್ತಿಲ್ಲದ ಪದ ಎದುರಾದರೆ ಮೊದಲು ಮೂರು ದಾರಿಗಳಿದ್ದವು. ಎದ್ದು ಹೋಗಿ ನಿಘಂಟು ತೆರೆಯುವುದು, ಮನೆಯ ಹಿರಿಯರನ್ನು ಕೇಳುವುದು, ಇಲ್ಲವೆ ಗೊತ್ತಿದ್ದವರಂತೆ ಮುಂದೆ ಓದುವುದು. ಮೂರನೆಯದಕ್ಕೇ ಗಿರಾಕಿಗಳು ಹೆಚ್ಚು. ಈಗ ನಾಲ್ಕನೆಯದೊಂದು ಬಂದಿದೆ. ಕಂಪ್ಯೂಟರಿನಲ್ಲೋ ಮೊಬೈಲಿನಲ್ಲೋ ಆ ಪದವನ್ನು ಒತ್ತಿದರೆ ಪಕ್ಕದಲ್ಲೇ ಪುಟ್ಟ ಚೌಕವೊಂದು ತೆರೆದು ಅರ್ಥ ಹೇಳುತ್ತದೆ.

ಇಂಗ್ಲಿಷಿಗೆ ಇದು ಸಲೀಸು. ಕನ್ನಡದ ಪದ ಒಂಟಿಯಾಗಿ ಹೊರಬೀಳುವುದು ಅಪರೂಪ. ವಿಭಕ್ತಿ, ಕಾಲ, ಸಂಧಿಗಳ ಬಳಗವನ್ನೆಲ್ಲ ಕಟ್ಟಿಕೊಂಡೇ ಬರುತ್ತದೆ. ‘ಹಾಸುಹೊಕ್ಕಾಗಿದೆ’ ಎಂಬುದನ್ನೇ ನೋಡಿ. ಈ ರೂಪದಲ್ಲಿ ಅದು ನಿಘಂಟಿನಲ್ಲಿ ಸಿಗದು. ಯಂತ್ರ ಮೊದಲು ‘ಇದೆ’ಯನ್ನು ಕಳಚಬೇಕು, ಆಮೇಲೆ ‘ಆಗಿ’ಯನ್ನು, ಲೋಪಸಂಧಿಯಲ್ಲಿ ಬಿದ್ದುಹೋದ ಉಕಾರವನ್ನು ಹುಡುಕಿ ತಂದು ‘ಹೊಕ್ಕು’ ಎಂದು ಮಾಡಬೇಕು. ಹತ್ತಿಯಿಂದ ಬೀಜ ಬಿಡಿಸಿದಂಥ ಕೆಲಸ. ಬನಹಟ್ಟಿಯ ನೇಕಾರರ ಮನೆಯ ಮಗುವಿಗೆ ಈ ಉಸಾಬರಿಯೇ ಇಲ್ಲ. ಮಗ್ಗದ ಉದ್ದಕ್ಕೆ ಬಿಗಿದ ನೂಲು ಹಾಸು, ಲಾಳಿ ಅಡ್ಡಡ್ಡ ಎಳೆದೊಯ್ಯುವ ನೂಲು ಹೊಕ್ಕು. ಅರ್ಥ ಅಲ್ಲೇ ಖಟಖಟ ಸದ್ದು ಮಾಡುತ್ತಿರುತ್ತದೆ!

ನಿಘಂಟುಗಳಿಗೇನೂ ಕನ್ನಡದಲ್ಲಿ ಬರವಿಲ್ಲ. ಗದೆಯ ಕಾಳಗ ಹಾಡಿದ ಮುಧೋಳದ ರನ್ನನೇ ಸಾವಿರ ವರ್ಷಗಳ ಹಿಂದೆ ಕಂದಪದ್ಯಗಳಲ್ಲಿ ಪದಗಳಿಗೆ ಅರ್ಥ ಹೇಳಹೊರಟವನು. ‘ರನ್ನಕಂದ’ದಲ್ಲಿ ಈಗ ಉಳಿದಿರುವುದು ಕೆಲವೇ ಪದ್ಯ. ಕಿಟೆಲ್ಲರ ನಿಘಂಟು 1894ರಲ್ಲಿ ಬಂತು. ಸಾಹಿತ್ಯ ಪರಿಷತ್ತಿನದು 8 ಸಂಪುಟ. ವಿ. ಕೃಷ್ಣ ಅವರು ದಶಕಗಟ್ಟಲೆ ಒಬ್ಬರೇ ಕೂತು ಕಟ್ಟಿದ ‘ಅಲರ್’ ಕನ್ನಡ-ಇಂಗ್ಲಿಷ್ ನಿಘಂಟು 2019ರಲ್ಲಿ ಅಂತರ್ಜಾಲದಲ್ಲಿ ಎಲ್ಲರಿಗೂ ತೆರೆದುಕೊಂಡಿತು. ಅದರಲ್ಲಿ ಒಂದೂವರೆ ಲಕ್ಷಕ್ಕೂ ಮಿಕ್ಕಿ ಪದಗಳಿವೆ. ಚೌಕದೊಳಗೆ ತುಂಬಲು ಸರಕು ಸಾಕಷ್ಟಿದೆ.

ತೊಡಕು ಇರುವುದು ಚೌಕದ ಅಳತೆಯಲ್ಲಿ. ಜಾಗ ಚಿಕ್ಕದೆಂದು ಒಂದೇ ಅರ್ಥ ಕೊಟ್ಟು ಕೈತೊಳೆದುಕೊಂಡರೆ ಓದುಗನ ಗತಿಯೇನು? ‘ನೆರೆ’ ಎಂದರೆ ಪಕ್ಕದವರು, ಜನ ಒಟ್ಟುಗೂಡುವುದು, ಪ್ರವಾಹವೂ ಹೌದು. ಜಮಖಂಡಿ ಸೀಮೆಯಲ್ಲಿ ಪ್ರವಾಹಕ್ಕೆ ನೆರೆ ಎನ್ನುವವರು ಕಡಿಮೆ. ‘ಹೊಳಿ ಬಂತು’ ಎನ್ನುತ್ತಾರೆ, ಹೆಚ್ಚೆಂದರೆ ಮಹಾಪೂರ. 2005ರಲ್ಲೂ 2019ರಲ್ಲೂ ಕೃಷ್ಣೆ ಇಲ್ಲಿನ ಊರುಗಳಿಗೆ ನುಗ್ಗಿದಾಗ ಪತ್ರಿಕೆಗಳೂ ಕಚೇರಿಗಳೂ ಬರೆದದ್ದು ಮಾತ್ರ ನೆರೆ ಎಂದೇ. ಪದದ ಎಲ್ಲ ಅರ್ಥಗಳನ್ನೂ ತೋರಿಸಿ, ಅಕ್ಕಪಕ್ಕದ ಪದಗಳಿಗೆ ಹೊಂದುವುದನ್ನು ಮೊದಲಿಡುವ ಚೌಕವಾದರೆ ಸರಿ. ಅದಿಲ್ಲದಿದ್ದರೆ ಅರ್ಥ ಗೊತ್ತಿಲ್ಲದಿರುವುದೇ ಮೇಲು.

ಹೊಳೆದಂಡೆಯ ಊರಿನ ಹುಡುಗಿಯೊಬ್ಬಳು ಮೊಬೈಲಿನಲ್ಲಿ ಬಂದ ಪ್ರಕಟಣೆಯನ್ನು ಅಪ್ಪನಿಗೆ ಓದಿ ಹೇಳುತ್ತಿದ್ದಾಳೆ ಎಂದುಕೊಳ್ಳಿ. ‘ನೆರೆ ಪರಿಹಾರ’ ಎಂದಿದೆ. ಒತ್ತಿ ನೋಡುತ್ತಾಳೆ, ‘ಪಕ್ಕದ ಮನೆ’ ಎನ್ನುತ್ತದೆ ಚೌಕ.

“ಅಪ್ಪಾ, ಇದು ನಮಗಲ್ಲ, ಬಾಜೂ ಮನಿಯವರಿಗೆ.”

ಗೋಡೆಯ ಮೇಲೆ ನೀರು ನಿಂತ ಗುರುತು ಇನ್ನೂ ಹೋಗಿಲ್ಲ. ಅಪ್ಪ ಅದರ ಕಡೆ ಒಮ್ಮೆ ನೋಡುತ್ತಾನೆ. “ಹೊಳಿ ಬಂದಿತ್ತಲ್ಲ, ಅದರ ರೊಕ್ಕ ಅದು. ಅರ್ಜಿ ಕೊಡಾಕ ಕಡೀ ದಿನ ಯಾವುದೈತಿ, ಅದನ್ನ ಓದವ್ವಾ.”