ನಾನು ಬರೆದ ಒಂದು ನಕ್ಷೆ

ಅಂಕಿಗಳು ಸುಳ್ಳಾಡುವುದಿಲ್ಲವೆಂದು ನಂಬಿ ಬೆಳೆದವನು ನಾನು. ಬಾಗಲಕೋಟೆಯ ಕಡೆಯ ನಮ್ಮ ಹಳ್ಳಿಯಲ್ಲಿ ಗಣಿತವನ್ನು ಕನ್ನಡದಲ್ಲಿಯೇ ಓದಿ ಹತ್ತನೆಯ ತರಗತಿಯನ್ನು ದಾಟಿದೆ. ಇಂದು ಮುಂಬಯಿಯಲ್ಲಿ ಕನ್ನಡದ ಜೊತೆಗೆ ಆ ಗಣಿತವನ್ನೂ ಕಲಿಸುತ್ತಿದ್ದೇನೆ. ನನ್ನ ಆ ನಂಬಿಕೆಯನ್ನು ತಿದ್ದಿದವರು ನನ್ನ ವಿದ್ಯಾರ್ಥಿಗಳೇ. ಆ ಸಂಗತಿಯನ್ನು ಇಲ್ಲಿ ಬರೆದಿಡುವುದು ನನ್ನ ಕರ್ತವ್ಯವೆಂದು ಭಾವಿಸಿದ್ದೇನೆ.

ಒಂದು ವರ್ಷ ಮಳೆಗಾಲದಲ್ಲಿ ಒಂಬತ್ತನೆಯ ತರಗತಿಯ ಹಾಜರಿ ಇಳಿಯಿತು. ಪಟ್ಟಿಯಲ್ಲಿದ್ದವರು 30 ಮಂದಿ. ಸರಾಸರಿ ಹಾಜರಿ ಜೂನಿನಲ್ಲಿ 29, ಜುಲೈಯಲ್ಲಿ 25, ಆಗಸ್ಟಿನಲ್ಲಿ 26, ಸೆಪ್ಟೆಂಬರಿನಲ್ಲಿ 28. ಮಕ್ಕಳಿಗೆ ನಾಚಿಕೆಯಾಗಲೆಂದು ಇದನ್ನು ಸ್ತಂಭನಕ್ಷೆಯಾಗಿ ಬರೆದು ಗೋಡೆಗೆ ತೂಗುಹಾಕಿದೆ. ಕಾಗದ ಚಿಕ್ಕದೆಂಬ ನೆವದಿಂದ ಲಂಬಾಕ್ಷವನ್ನು ಸೊನ್ನೆಯ ಬದಲು 24ರಿಂದ ಆರಂಭಿಸಿ, ಒಬ್ಬ ವಿದ್ಯಾರ್ಥಿಗೆ ಒಂದು ಅಂಗುಲದ ಪ್ರಮಾಣವನ್ನಿಟ್ಟಿದ್ದೆ. ಜೂನಿನ ಸ್ತಂಭ ಗೋಪುರದಂತೆ ನಿಂತಿತು. ಜುಲೈಯದು ನೆಲ ಹಿಡಿಯಿತು.

ಮುಂದಿನ ಬೆಂಚಿನ ಹುಡುಗಿಯೊಬ್ಬಳು ಅಳತೆಪಟ್ಟಿಯಿಂದ ಅಳೆದು ನೋಡಿ, "ಸರ್, ಜೂನ್ ಐದು ಅಂಗುಲ, ಜುಲೈ ಒಂದೇ ಅಂಗುಲ. ಐವರಲ್ಲಿ ಒಬ್ಬರು ಮಾತ್ರ ಬಂದಿದ್ದೆವೇ?" ಎಂದು ಕೇಳಿದಳು.

ನಾನು ನಿರುತ್ತರನಾದೆ. ಸ್ತಂಭನಕ್ಷೆಯಲ್ಲಿ ಕಣ್ಣು ಹೋಲಿಸುವುದು ಎತ್ತರಗಳನ್ನು. ಬುಡವನ್ನು ಕತ್ತರಿಸಿದರೆ ಅವುಗಳ ಅನುಪಾತವೇ ಕೆಡುತ್ತದೆ. ಸೊನ್ನೆಯಿಂದ ಬರೆದಿದ್ದರೆ ಜುಲೈಯ ಸ್ತಂಭ ಜೂನಿನದಕ್ಕಿಂತ ಸುಮಾರು ಏಳನೆಯ ಒಂದು ಪಾಲಿನಷ್ಟು ಮಾತ್ರ ಗಿಡ್ಡವಾಗಿರುತ್ತಿತ್ತು. ಅಂಕಿ ಸುಳ್ಳಾಡಿರಲಿಲ್ಲ, ನನ್ನ ಸಿಟ್ಟು ಅದಕ್ಕೆ ಸುಳ್ಳಿನ ವೇಷ ತೊಡಿಸಿತ್ತು.

ಅಂದು ರಾತ್ರಿ ಫ್ಲಾರೆನ್ಸ್ ನೈಟಿಂಗೇಲಳ ನಕ್ಷೆ ನೆನಪಾಯಿತು. ವಿಲಿಯಂ ಪ್ಲೇಫೇರ್ 1786ರಲ್ಲಿ ಸ್ತಂಭನಕ್ಷೆಯಿಂದ ಸ್ಕಾಟ್‌ಲೆಂಡಿನ ವ್ಯಾಪಾರವನ್ನು ತೋರಿಸಿದ್ದನು. 1858ರಲ್ಲಿ ನೈಟಿಂಗೇಲ್ ವೃತ್ತಾಕಾರದ ನಕ್ಷೆಯೊಂದರಲ್ಲಿ ಕ್ರಿಮಿಯಾ ಯುದ್ಧದ ಬ್ರಿಟಿಷ್ ಸೈನಿಕರ ಮರಣಗಳನ್ನು ತಿಂಗಳು ತಿಂಗಳಾಗಿ ಚಿತ್ರಿಸಿದಳು. ಆಕೆ ಒಟ್ಟು ಸಂಖ್ಯೆಯಿಂದ ತೃಪ್ತಳಾಗಲಿಲ್ಲ. ರೋಗ, ಗಾಯ, ಇತರ ಕಾರಣ ಎಂದು ವಿಂಗಡಿಸಿ ಬೇರೆ ಬೇರೆ ಬಣ್ಣ ಕೊಟ್ಟಳು. ಗಾಯಗಳಿಗಿಂತ, ತಡೆಯಬಹುದಾಗಿದ್ದ ರೋಗಗಳೇ ಹೆಚ್ಚು ಜನರನ್ನು ಕೊಂದವೆಂಬುದು ನೋಟಮಾತ್ರಕ್ಕೆ ತಿಳಿಯುವಂತಾಯಿತು. ನಾನಾದರೋ ಕಾರಣವನ್ನು ವಿಚಾರಿಸದೆಯೇ ತೀರ್ಪು ಬರೆದಿದ್ದೆ.

ಹಾಜರಿ ಪುಸ್ತಕವನ್ನು ತೆಗೆದು ಗೈರುಹಾಜರಿಗಳನ್ನು ಹೆಸರುವಾರು, ದಿನವಾರು ಗುರುತಿಸಿದೆ. ಹೆಚ್ಚಿನವು ಭಾರಿ ಮಳೆಗೆ ಲೋಕಲ್ ಗಾಡಿಗಳು ನಿಂತುಹೋದ ದಿನಗಳಲ್ಲಿ ಗುಂಪುಗೂಡಿದ್ದವು. ಒಬ್ಬ ಹುಡುಗನ ಗುರುತುಗಳು ಮಾತ್ರ ಬೇರೆ. ಮಳೆಯಿರಲಿ ಬಿಸಿಲಿರಲಿ, ಜುಲೈಯಿಂದೀಚೆಗೆ ಪ್ರತಿ ಮಂಗಳವಾರ ಮತ್ತು ಶುಕ್ರವಾರ ಅವನಿರಲಿಲ್ಲ. ಹಿಂದಿನ ವಾರವಷ್ಟೇ ನಾನು ಅವನನ್ನು ಎಲ್ಲರೆದುರು ಸೋಮಾರಿಯೆಂದು ಜರೆದಿದ್ದೆ.

ಮರುದಿನ ಅವನನ್ನು ಏಕಾಂತದಲ್ಲಿ ಕರೆದು ಕೇಳಿದೆ. ತಂದೆಗೆ ಮೂತ್ರಪಿಂಡದ ಬೇನೆ. ವಾರಕ್ಕೆರಡು ಸಲ ಡಯಾಲಿಸಿಸ್. ತಾಯಿ ಕೆಲಸಕ್ಕೆ ಹೋಗದಿದ್ದರೆ ಮನೆ ನಡೆಯದು. ತಂದೆಯ ಕೈಹಿಡಿದು ಆಸ್ಪತ್ರೆಗೆ ಕರೆದೊಯ್ಯುವವನು ಇವನೇ.

"ಮೊದಲೇ ಏಕೆ ಹೇಳಲಿಲ್ಲಪ್ಪಾ?" ಎಂದೆ.

"ನೀವು ಕೇಳಲಿಲ್ಲ, ಸರ್," ಎಂದನು.

ತರಗತಿಯೆದುರು ಆಡಿದ ಮಾತನ್ನು ತರಗತಿಯೆದುರೇ ಹಿಂತೆಗೆದುಕೊಂಡೆ. ತಪ್ಪಿಹೋದ ಪಾಠಗಳನ್ನು ಸಂಜೆಯ ಹೊತ್ತು ಹೇಳಿಕೊಡಲಾರಂಭಿಸಿದೆ. ಹಳೆಯ ನಕ್ಷೆ ಗೋಡೆಯಿಂದ ಇಳಿಯಿತು. ಮಕ್ಕಳೇ ಸೊನ್ನೆಯಿಂದ ಆರಂಭಿಸಿ ಹೊಸದನ್ನು ಬರೆದರು.

ಬಾಲಮಿತ್ರರೇ, ಸ್ತಂಭನಕ್ಷೆಯೊಂದು ಕಣ್ಣಿಗೆ ಬಿದ್ದಾಗ ಮೊದಲು ಅದರ ಬುಡವನ್ನು ನೋಡಿರಿ, ಬಳಿಕ ತಲೆಯನ್ನು. ಸರಿಯಾಗಿ ಬರೆದ ನಕ್ಷೆ ಏನನ್ನು, ಯಾರನ್ನು ಕೇಳಬೇಕೆಂಬುದನ್ನು ತೋರಿಸಿಕೊಡುತ್ತದೆ. ಹೋಗಿ ಕೇಳುವ ಕೆಲಸ ನಮ್ಮದು.